ಅಕ್ಕಿ ಸೆಳೆಯುವ ಇರಿಡಿಯಂ ಎಲ್ಲೂ ಇಲ್ಲ

ಸಿಡಿಲು ಬಡಿದ ಹಳೇ ತಾಮ್ರದ ಚೊಂಬಿನಲ್ಲಿ ಇರಿಡಿಯಂ ಹುಟ್ಟುತ್ತದಂತೆ, ಅದು ಅಕ್ಕಿಕಾಳನ್ನು ಸೆಳೆಯುತ್ತದಂತೆ, ನಾಸಾದವರು ಅದಕ್ಕೆ ಸಾವಿರಾರು ಕೋಟಿ ಕೊಡುತ್ತಾರಂತೆ. ‘ರೈಸ್ ಪುಲ್ಲಿಂಗ್’ ಎಂಬ ಈ ಸುಳ್ಳನ್ನು ನಂಬಿ ಮನೆಮಠ ಕಳೆದುಕೊಂಡವರ ಸುದ್ದಿ ನಮ್ಮ ಪತ್ರಿಕೆಗಳಲ್ಲಿ ಇನ್ನೂ ಬರುತ್ತಿರುವುದು ಸಹಿಸಲಾಗದ ಸಂಗತಿ. ತಾಮ್ರದ ಪರಮಾಣುವಿನಲ್ಲಿ 29 ಪ್ರೋಟಾನುಗಳಿವೆ, ಇರಿಡಿಯಂನಲ್ಲಿ 77. ಸಿಡಿಲು ತಾಮ್ರವನ್ನು ಕರಗಿಸಬಹುದು. ಅದರ ಪರಮಾಣುಬೀಜಕ್ಕೆ ಇನ್ನೂ 48 ಪ್ರೋಟಾನು ತುಂಬಲಾರದು. ಇರಿಡಿಯಂಗೆ ಕಬ್ಬಿಣದ ಕಾಂತಗುಣವಿಲ್ಲ. ಅಕ್ಕಿಯೋ ಬಹುಪಾಲು ಪಿಷ್ಟ, ಅದು ಯಾವ ಅಯಸ್ಕಾಂತಕ್ಕೂ ಅಂಟದು. ‘ಕಣ್ಣಾರೆ ಕಂಡೆವಲ್ಲ’ ಎನ್ನುವವರು ಕಂಡದ್ದು ಚೊಂಬಿನೊಳಗೆ ಅಡಗಿಸಿದ ಅಯಸ್ಕಾಂತದ ಕೆಲಸವನ್ನು, ಅಕ್ಕಿಗೆ ಮೆತ್ತಿದ ಕಬ್ಬಿಣದ ಪುಡಿಯನ್ನು. ನಿಮ್ಮ ಮನೆಯ ಡಬ್ಬಿಯ ಅಕ್ಕಿ ಒಯ್ದು ಸುರಿದರೆ ಒಂದು ಕಾಳೂ ಅಲುಗುವುದಿಲ್ಲ.

ನಾಸಾ ಇರಿಡಿಯಂ ಬಳಸುವುದು ನಿಜ ತಾನೇ ಎಂದು ಕೇಳುವವರಿದ್ದಾರೆ. ನಿಜವೇ. 1977ರಲ್ಲಿ ಹೊರಟ ವಾಯೇಜರ್ ನೌಕೆಗಳ ಪ್ಲುಟೋನಿಯಂ ಇಂಧನಕ್ಕೆ ಇರಿಡಿಯಂ ಕವಚವಿದೆ. ಈ ಲೋಹ ಕರಗಲು 2,446 ಡಿಗ್ರಿ ಸೆಲ್ಸಿಯಸ್ ಬೇಕು, ಚಿನ್ನವನ್ನೂ ಕರಗಿಸುವ ರಾಜದ್ರಾವಣವೂ ಇದನ್ನು ಸುಲಭಕ್ಕೆ ಮುಟ್ಟದು. ಕವಚಕ್ಕೆ ಆರಿಸಿದ್ದು ಆ ಗುಣಗಳಿಗಾಗಿ. ಅಪ್ಪಟ ಇರಿಡಿಯಂ ಕೂಡ ಈಚಿನ ವರ್ಷಗಳಲ್ಲಿ ಕಿಲೋಗೆ ಒಂದೆರಡು ಕೋಟಿ ರೂಪಾಯಿಯ ಆಸುಪಾಸಿನಲ್ಲಿದೆ. ಅದು ಸಿಗುವುದು ಹೆಚ್ಚಾಗಿ ದಕ್ಷಿಣ ಆಫ್ರಿಕಾದ ಪ್ಲಾಟಿನಂ ಗಣಿಗಳಲ್ಲಿ, ಯಾರದೋ ಅಟ್ಟದ ಮೇಲಲ್ಲ. ಇನ್ನು, ಚೊಂಬಿನಿಂದ ವಿಕಿರಣ ಹೊಮ್ಮುತ್ತದೆಂದು ವಂಚಕರು ಬಿಳಿ ದಿರಿಸು ತೊಟ್ಟು ಪರೀಕ್ಷೆಯ ನಾಟಕವಾಡುತ್ತಾರೆ. ನಿಸರ್ಗದಲ್ಲಿರುವ ಇರಿಡಿಯಂನ ಎರಡೂ ಐಸೊಟೋಪುಗಳು ಸ್ಥಿರ. ಕ್ಯಾನ್ಸರ್ ಚಿಕಿತ್ಸೆಗೆ ಬಳಸುವ ಇರಿಡಿಯಂ-192 ರಿಯಾಕ್ಟರಿನಲ್ಲಿ ತಯಾರಾಗುವಂಥದು. ಸುಮಾರು 74 ದಿನಕ್ಕೆ ಅರ್ಧ ಸವೆಯುವ ಅದು ಇನ್ನೂರು ವರ್ಷದ ಪಾತ್ರೆಯಲ್ಲಿ ಉಳಿದಿರಲು ಸಾಧ್ಯವೇ ಇಲ್ಲ.

ಮೋಸಹೋದವರೆಲ್ಲ ಓದುಬರಹ ಬಾರದವರಲ್ಲ. 2018ರಲ್ಲಿ ಇದೇ ಮೋಸಕ್ಕಾಗಿ ದೆಹಲಿ ಪೊಲೀಸರು ಬಂಧಿಸಿದ ತಂದೆ-ಮಗನಿಗೆ ಕೋಟಿಗೂ ಮೀರಿ ಹಣ ಸುರಿದವರು ಒಬ್ಬ ವ್ಯಾಪಾರಿ. ಹತ್ತನೇ ತರಗತಿಯಲ್ಲಿ ಆವರ್ತ ಕೋಷ್ಟಕ ಬಾಯಿಪಾಠ ಮಾಡಿದವರೂ ‘ನಾಸಾ’, ‘ಕೋಟಿ’ ಎಂಬೆರಡು ಮಾತು ಕಿವಿಗೆ ಬಿದ್ದೊಡನೆ ಅದನ್ನು ಮರೆಯುತ್ತಾರೆ. ಕಲಿತ ವಿಜ್ಞಾನ ಅವರಿಗೆ ಅಂಕಪಟ್ಟಿಯಲ್ಲೇ ಉಳಿದಿದೆ. ಪರೀಕ್ಷೆಯ ಶುಲ್ಕವೆಂದು ಯಾರಾದರೂ ಕೈಚಾಚಿದರೆ ಒಂದು ರೂಪಾಯಿಯನ್ನೂ ಕೊಡಬೇಡಿ, ನೇರವಾಗಿ ಪೊಲೀಸ್ ಠಾಣೆಗೆ ಹೋಗಿ.