386ಬಿಎಸ್‌ಡಿ: ಮನೆಯ ಕಂಪ್ಯೂಟರಿಗೆ ಇಳಿದು ಬಂದ ಯುನಿಕ್ಸ್

ಸಾಮಾನ್ಯ ಪರ್ಸನಲ್ ಕಂಪ್ಯೂಟರಿನಲ್ಲಿ ಓಡುವ, ಸೋರ್ಸ್ ಕೋಡ್ ಸಮೇತ ಯಾರು ಬೇಕಾದರೂ ಪಡೆದು, ತಿದ್ದಿ, ಇನ್ನೊಬ್ಬರಿಗೆ ಕೊಡಬಹುದಾದ ಮೊದಮೊದಲ ಆಪರೇಟಿಂಗ್ ಸಿಸ್ಟಂಗಳಲ್ಲಿ 386ಬಿಎಸ್‌ಡಿ ಒಂದು. ಕ್ಯಾಲಿಫೋರ್ನಿಯಾದ ವಿಲಿಯಂ ಜೋಲಿಟ್ಜ್ ಮತ್ತು ಲಿನ್ ಜೋಲಿಟ್ಜ್ ಎಂಬ ದಂಪತಿ ಅದನ್ನು ಕಟ್ಟಿ 1992ರ ಮಾರ್ಚ್‌ನಲ್ಲಿ ಹೊರತಂದರು. ಆ ಹೆಸರಿನಲ್ಲಿ ಅದು ಚುರುಕಾಗಿ ಬಾಳಿದ್ದು ಕೆಲವೇ ವರ್ಷ. ಅದರ ಸಂತತಿ ಮಾತ್ರ ಇಂದಿಗೂ ಕೆಲಸ ಮಾಡುತ್ತಿದೆ.

ಅದರ ಬೇರು ಯುನಿಕ್ಸ್‌ನಲ್ಲಿದೆ. ಅಮೆರಿಕದ ದೂರವಾಣಿ ಕಂಪನಿ ಎಟಿ ಅಂಡ್ ಟಿಯ ಬೆಲ್ ಲ್ಯಾಬ್ಸ್‌ನಲ್ಲಿ 1969ರಲ್ಲಿ ಯುನಿಕ್ಸ್ ರೂಪುಗೊಳ್ಳತೊಡಗಿತು. ಸರ್ಕಾರದೊಂದಿಗಿನ ಹಳೆಯ ಒಪ್ಪಂದವೊಂದರ ಕಾರಣ ಕಂಪನಿ ಕಂಪ್ಯೂಟರ್ ವ್ಯಾಪಾರಕ್ಕೆ ಇಳಿಯುವಂತಿರಲಿಲ್ಲ. ಹಾಗಾಗಿ ವಿಶ್ವವಿದ್ಯಾಲಯಗಳಿಗೆ ಯುನಿಕ್ಸ್ ಕಡಿಮೆ ಹಣಕ್ಕೆ, ಸೋರ್ಸ್ ಕೋಡ್ ಸಹಿತ ಸಿಗುತ್ತಿತ್ತು. ಯುನಿಕ್ಸ್ ಬರೆದವರಲ್ಲಿ ಒಬ್ಬರಾದ ಕೆನ್ ಥಾಂಪ್ಸನ್ 1975ರಲ್ಲಿ ತಾವು ಓದಿದ ಬರ್ಕ್‌ಲಿ ವಿಶ್ವವಿದ್ಯಾಲಯಕ್ಕೆ ಒಂದು ವರ್ಷದ ಮಟ್ಟಿಗೆ ಪಾಠ ಹೇಳಲು ಬಂದರು. ಅಲ್ಲಿನ ವಿದ್ಯಾರ್ಥಿಗಳು ಯುನಿಕ್ಸ್‌ಗೆ ಕೈಹಾಕಿದರು. ಬಿಲ್ ಜಾಯ್ ಎಂಬ ವಿದ್ಯಾರ್ಥಿ ಆ ಸುಧಾರಣೆಗಳನ್ನೆಲ್ಲ ಟೇಪಿಗೆ ತುಂಬಿ 1978ರಲ್ಲಿ ಹಂಚತೊಡಗಿದ. ಆ ಮೊದಲ ಕಂತು ಹೋದದ್ದು ಸುಮಾರು ಮೂವತ್ತು ಕಡೆಗೆ. ಅದಕ್ಕೆ ಬರ್ಕ್‌ಲಿ ಸಾಫ್ಟ್‌ವೇರ್ ಡಿಸ್ಟ್ರಿಬ್ಯೂಷನ್ ಎಂದು ಹೆಸರಿಟ್ಟರು; ಬಿಎಸ್‌ಡಿ ಎಂಬ ಮೂರಕ್ಷರ ಅದರದ್ದೇ. 1983ರ 4.2ಬಿಎಸ್‌ಡಿಯಲ್ಲಿ ಇಂಟರ್ನೆಟ್ಟಿನ ಭಾಷೆಯಾದ ಟಿಸಿಪಿ/ಐಪಿ ಸೇರಿತು. ಇಂಟರ್ನೆಟ್ ವಿಶ್ವವಿದ್ಯಾಲಯಗಳಲ್ಲಿ ಹಬ್ಬಿದ್ದು ಬಹುಮಟ್ಟಿಗೆ ಈ ಕೋಡಿನ ಬೆನ್ನೇರಿ.

ಆದರೆ ಒಂದು ತೊಡಕಿತ್ತು. ಬರ್ಕ್‌ಲಿಯ ಕೆಲಸವೆಲ್ಲ ಎಟಿ ಅಂಡ್ ಟಿ ಕೋಡಿನೊಳಗೆ ಹೆಣೆದುಕೊಂಡಿತ್ತು. ಬಿಎಸ್‌ಡಿ ಬೇಕೆಂದವರು ಮೊದಲು ಕಂಪನಿಯ ಪರವಾನಗಿ ಪಡೆಯಬೇಕಿತ್ತು. 1984ರಲ್ಲಿ ಎಟಿ ಅಂಡ್ ಟಿ ವಿಭಜನೆಯಾಗಿ ವ್ಯಾಪಾರದ ಕಟ್ಟು ಸಡಿಲವಾದ ಮೇಲೆ ಆ ಪರವಾನಗಿಯ ಬೆಲೆ ಏರುತ್ತಲೇ ಹೋಯಿತು. ಬರ್ಕ್‌ಲಿಯವರು 1989ರಲ್ಲಿ ನೆಟ್‌ವರ್ಕಿಗೆ ಸಂಬಂಧಿಸಿದ ತಮ್ಮ ಸ್ವಂತ ಕೋಡನ್ನು ಬೇರ್ಪಡಿಸಿ ಬಿಡುಗಡೆ ಮಾಡಿದರು. ಟೇಪಿಗೆ 1000 ಡಾಲರ್. ಆದರೆ ಕೊಂಡವರು ಎಷ್ಟು ಪ್ರತಿ ಬೇಕಾದರೂ ಪುಕ್ಕಟೆಯಾಗಿ ಹಂಚಬಹುದಿತ್ತು. ಆಗ ಕೀತ್ ಬೋಸ್ಟಿಕ್ ಎಂಬ ಪ್ರೋಗ್ರಾಮರ್‌ಗೆ ಇಡೀ ವ್ಯವಸ್ಥೆಯನ್ನೇ ಹೀಗೆ ಬಿಡಿಸಿಕೊಳ್ಳಬಾರದೇಕೆ ಎನ್ನಿಸಿತು. ಯುನಿಕ್ಸ್‌ನ ನೂರಾರು ಸಣ್ಣ ಪ್ರೋಗ್ರಾಮುಗಳನ್ನು ಹಳೆಯ ಕೋಡಿನತ್ತ ಕಣ್ಣು ಹಾಯಿಸದೆ, ಪ್ರಕಟಿತ ವಿವರಣೆಯನ್ನಷ್ಟೇ ನೋಡಿ ಹೊಸದಾಗಿ ಬರೆದುಕೊಡಿ ಎಂದು ಅವರು ಎಲ್ಲರನ್ನೂ ಕೇಳಿಕೊಂಡರು. ಬರೆದವರಿಗೆ ಸಿಕ್ಕಿದ್ದು ಪಟ್ಟಿಯಲ್ಲೊಂದು ಹೆಸರು ಮಾತ್ರ. ಆದರೂ ಸುಮಾರು ಹದಿನೆಂಟು ತಿಂಗಳಲ್ಲಿ ಮುಖ್ಯವಾದವೆಲ್ಲ ಬಂದು ಸೇರಿದವು. ಬಳಿಕ ಬೋಸ್ಟಿಕ್, ಮೈಕ್ ಕ್ಯಾರೆಲ್ಸ್, ಕರ್ಕ್ ಮೆಕ್ಯುಸಿಕ್ ಮೂವರೂ ಕೂತು ವ್ಯವಸ್ಥೆಯ ಹೃದಯವಾದ ಕರ್ನೆಲ್ಲನ್ನು ಒಂದೊಂದೇ ಫೈಲಾಗಿ ಸೋಸಿದರು. ಸುಲಭವಾಗಿ ಬದಲಿಸಲಾಗದೆ ಉಳಿದದ್ದು ಆರು ಫೈಲು. ಆ ಆರನ್ನು ಬಿಟ್ಟು ಉಳಿದದ್ದನ್ನೆಲ್ಲ 1991ರ ಜೂನ್‌ನಲ್ಲಿ ನೆಟ್‌ವರ್ಕಿಂಗ್ ರಿಲೀಸ್ 2 ಎಂಬ ಹೆಸರಿನಲ್ಲಿ ಹೊರಬಿಟ್ಟರು. ಮನೆ ಎದ್ದು ನಿಂತಿತ್ತು, ಆರು ತೊಲೆ ಮಾತ್ರ ಕೂರಿಸಬೇಕಿತ್ತು.

ಇತ್ತ ಇಂಟೆಲ್ ಕಂಪನಿ 1985ರಲ್ಲಿ 80386 ಎಂಬ ಪ್ರೊಸೆಸರ್ ತಂದಿತ್ತು. 2,75,000 ಟ್ರಾನ್ಸಿಸ್ಟರುಗಳಿದ್ದ ಈ 32 ಬಿಟ್ ಚಿಪ್ಪಿನಲ್ಲಿ ಯುನಿಕ್ಸ್‌ಗೆ ಬೇಕಾದದ್ದು ಹೆಚ್ಚೂಕಡಿಮೆ ಎಲ್ಲವೂ ಇತ್ತು. ಒಂದು ಪ್ರೋಗ್ರಾಮು ಇನ್ನೊಂದರ ನೆನಪಿನ ಜಾಗಕ್ಕೆ ಕೈಹಾಕದಂತೆ ಅದು ಬೇಲಿ ಹಾಕಬಲ್ಲದಾಗಿತ್ತು. ಮೆಮೊರಿಯನ್ನು 4 ಕೆಬಿಯ ಪುಟಗಳಾಗಿ ವಿಂಗಡಿಸಿ, ಸದ್ಯಕ್ಕೆ ಬೇಡವಾದ ಪುಟವನ್ನು ಡಿಸ್ಕಿಗೆ ಸರಿಸಿ, ಬೇಕಾದಾಗ ಮರಳಿ ತರಲು ದಾರಿ ಮಾಡಿಕೊಟ್ಟಿತ್ತು. ಆದರೆ ಮೇಜಿನ ಮೇಲಿನ ಬಹುಪಾಲು 386 ಯಂತ್ರಗಳಲ್ಲಿ ಓಡುತ್ತಿದ್ದದ್ದು ಎಂಎಸ್-ಡಾಸ್. ಅದರಲ್ಲಿ ಪ್ರೋಗ್ರಾಮುಗಳಿಗೆ ದಕ್ಕುತ್ತಿದ್ದದ್ದು 640 ಕೆಬಿಯ ಜಾಗ, ಸಾಮಾನ್ಯವಾಗಿ ಒಂದು ಸಲಕ್ಕೆ ಒಂದೇ ಕೆಲಸ. ಆನೆಯನ್ನು ಕಟ್ಟಿ ಎತ್ತಿನ ಗಾಡಿ ಎಳೆಸಿದಂತೆ ಚಿಪ್ಪಿನ ಬಲವೆಲ್ಲ ಸುಮ್ಮನೆ ಬಿದ್ದಿತ್ತು.

ಜೋಲಿಟ್ಜ್ ದಂಪತಿ 1989ರಿಂದಲೇ ಬಿಎಸ್‌ಡಿಯನ್ನು ಈ ಚಿಪ್ಪಿಗೆ ಹೊಂದಿಸತೊಡಗಿದ್ದರು. ಹೊಸ ಯಂತ್ರಕ್ಕೆ ಆಪರೇಟಿಂಗ್ ಸಿಸ್ಟಂ ಕೂರಿಸುವುದರಲ್ಲಿ ಬೀಜ ಮೊದಲೋ ಮರ ಮೊದಲೋ ಎಂಬ ಇಕ್ಕಟ್ಟಿದೆ. ಕರ್ನೆಲ್ಲನ್ನು ಡಿಸ್ಕಿನಿಂದ ಓದಲು ಡಿಸ್ಕ್ ಓದಬಲ್ಲ ಪ್ರೋಗ್ರಾಮು ಬೇಕು. ಆ ಪ್ರೋಗ್ರಾಮನ್ನು ಓಡಿಸಲು ಮೊದಲೇ ಒಂದು ವ್ಯವಸ್ಥೆ ಬೇಕು. ಅವರು ಅಲ್ಲೇ ಇದ್ದ ಎಂಎಸ್-ಡಾಸನ್ನೇ ಏಣಿ ಮಾಡಿಕೊಂಡರು. ಡಾಸ್‌ನಲ್ಲಿ ಓಡುವ ಪುಟ್ಟ ಪ್ರೋಗ್ರಾಮುಗಳು ಹೊಸ ಕೋಡನ್ನು ಮೆಮೊರಿಗೆ ತುಂಬಿ, ಅಧಿಕಾರ ಅದಕ್ಕೆ ಒಪ್ಪಿಸಿ ಹಿಂದೆ ಸರಿಯುತ್ತಿದ್ದವು. 386 ಚಿಪ್ಪು ವಿದ್ಯುತ್ ಬಂದೊಡನೆ ಹಳೆಯ 8086ರ ವೇಷದಲ್ಲಿ ಏಳುತ್ತದೆ, ಆಗ ಅದಕ್ಕೆ ಕಾಣುವುದು ಸುಮಾರು ಒಂದು ಎಂಬಿ ಮೆಮೊರಿ ಮಾತ್ರ. ಅದನ್ನು ರಕ್ಷಿತ ಸ್ಥಿತಿಗೆ ದಾಟಿಸಿ, ಪುಟಗಳ ಲೆಕ್ಕದ ಕೋಷ್ಟಕ ಕಟ್ಟಿ, ಮುಂದಿನ ಆದೇಶವನ್ನು ಹೊಸ ವಿಳಾಸದಲ್ಲಿ ಓದುವಂತೆ ಮಾಡುವ ಕೆಲವೇ ಸಾಲುಗಳಲ್ಲಿ ಒಂದು ತಪ್ಪಾದರೂ ಯಂತ್ರ ಏನೂ ಹೇಳದೆ ಮತ್ತೆ ಮೊದಲಿನಿಂದ ಚಾಲೂ ಆಗುತ್ತಿತ್ತು.

ಚಿಪ್ಪಿನಲ್ಲೊಂದು ಕೊರತೆಯೂ ಇತ್ತು. ಯುನಿಕ್ಸ್‌ನಲ್ಲಿ ಎರಡು ಪ್ರೋಗ್ರಾಮುಗಳು ಒಂದೇ ಪುಟವನ್ನು ಹಂಚಿಕೊಂಡು, ಯಾರಾದರೂ ಅದರ ಮೇಲೆ ಬರೆಯಹೊರಟಾಗ ಮಾತ್ರ ಬೇರೆ ಪ್ರತಿ ಮಾಡಿಕೊಳ್ಳುವ ಜಾಣತನದ ಕ್ರಮವಿದೆ. ಅದಕ್ಕಾಗಿ ಆ ಪುಟಕ್ಕೆ ‘ಓದಲು ಮಾತ್ರ’ ಎಂದು ಗುರುತು ಹಾಕುತ್ತಾರೆ. 386ರಲ್ಲಿ ಸ್ವತಃ ಕರ್ನೆಲ್ಲೇ ಬರೆಯಹೊರಟರೆ ಚಿಪ್ಪು ಆ ಗುರುತನ್ನು ಲೆಕ್ಕಿಸುತ್ತಿರಲಿಲ್ಲ. ಹಾಗಾಗಿ ಬರೆಯುವ ಮುನ್ನ ಕರ್ನೆಲ್ಲೇ ಪರೀಕ್ಷಿಸಿಕೊಳ್ಳಬೇಕಿತ್ತು. ಇಂಟೆಲ್ ಇದನ್ನು 486ರಲ್ಲಿ ಸರಿಪಡಿಸಿತು.

ಈ ಕೆಲಸವನ್ನು ಜೋಲಿಟ್ಜ್ ದಂಪತಿ ಗುಟ್ಟಾಗಿ ಇಡಲಿಲ್ಲ. ಪ್ರೋಗ್ರಾಮರುಗಳು ಓದುತ್ತಿದ್ದ ಡಾಕ್ಟರ್ ಡಾಬ್ಸ್ ಜರ್ನಲ್‌ನಲ್ಲಿ 1991ರ ಜನವರಿಯಿಂದ ತಿಂಗಳು ತಿಂಗಳೂ ಬಿಡಿಸಿ ಬರೆದರು. 386ಬಿಎಸ್‌ಡಿಯ ದೊಡ್ಡ ಕೊಡುಗೆ ಈ ಲೇಖನಮಾಲೆಯೇ ಎಂದರೆ ತಪ್ಪಾಗದು. ಕಂಪನಿಗಳ ಕಪಾಟಿನಲ್ಲಿ ಬೀಗ ಹಾಕಿಕೊಂಡು ಕೂತಿದ್ದ ವಿದ್ಯೆಯನ್ನು ಅದು ಪತ್ರಿಕೆ ಕೊಳ್ಳಬಲ್ಲ ಯಾರಿಗಾದರೂ ತಲುಪಿಸಿತು. ಬಿಟ್ಟುಹೋದ ಆರು ಫೈಲುಗಳ ಜಾಗಕ್ಕೆ ವಿಲಿಯಂ ಹೊಸ ಕೋಡ್ ಬರೆದರು. 0.0 ಆವೃತ್ತಿ 1992ರ ಮಾರ್ಚ್‌ನಲ್ಲಿ, ಹೆಚ್ಚು ಬಳಕೆಗೆ ಬಂದ 0.1 ಆವೃತ್ತಿ ಅದೇ ವರ್ಷದ ಜುಲೈನಲ್ಲಿ ಬಂದವು. ‘ಟೈನಿ 386ಬಿಎಸ್‌ಡಿ’ ಎಂಬ ಒಂದೇ ಫ್ಲಾಪಿಯಿಂದ ಯಂತ್ರ ಚಾಲೂ ಮಾಡಿ, ಉಳಿದದ್ದನ್ನು ಫ್ಲಾಪಿಗಳ ಕಟ್ಟಿನಿಂದ ಒಂದೊಂದಾಗಿ ಇಳಿಸಿಕೊಳ್ಳಬೇಕಿತ್ತು. ಜೊತೆಗಿದ್ದ ಸಿ ಕಂಪೈಲರ್ ರಿಚರ್ಡ್ ಸ್ಟಾಲ್ಮನ್ನರ ಗ್ನೂ ಯೋಜನೆಯದು. ‘ಓಪನ್ ಸೋರ್ಸ್’ ಎಂಬ ಮಾತು ಬಳಕೆಗೆ ಬಂದದ್ದು 1998ರಲ್ಲಿ. ಕೆಲಸ ಅದಕ್ಕೂ ಮೊದಲೇ ನಡೆದಿತ್ತು.

ಇಷ್ಟೆಲ್ಲ ಇದ್ದೂ 386ಬಿಎಸ್‌ಡಿ ನಿಲ್ಲಲಿಲ್ಲ. ಬಳಸಿದವರು ದೋಷಗಳನ್ನು ಹುಡುಕಿ, ತಿದ್ದುಪಡಿ ಬರೆದು ಕಳಿಸುತ್ತಿದ್ದರು, ಆದರೆ ಅವನ್ನೆಲ್ಲ ಸೇರಿಸಿಕೊಂಡ ಹೊಸ ಆವೃತ್ತಿ ಬರಲಿಲ್ಲ. ಬಳಕೆದಾರರೇ ತಿದ್ದುಪಡಿಗಳನ್ನು ಒಟ್ಟುಮಾಡಿ ‘ಪ್ಯಾಚ್‌ಕಿಟ್’ ಎಂದು ಹಂಚತೊಡಗಿದರು. ಕಟ್ಟು ದಪ್ಪವಾದಂತೆ ತಾಳ್ಮೆ ತೆಳುವಾಯಿತು. 1993ರ ಏಪ್ರಿಲ್‌ನಲ್ಲಿ ಒಂದು ಗುಂಪು ಬೇರೆಯಾಗಿ ನೆಟ್‌ಬಿಎಸ್‌ಡಿ ತಂದಿತು. ಪ್ಯಾಚ್‌ಕಿಟ್ ನೋಡಿಕೊಳ್ಳುತ್ತಿದ್ದ ಜೋರ್ಡನ್ ಹಬ್ಬರ್ಡ್, ನೇಟ್ ವಿಲಿಯಮ್ಸ್, ರಾಡ್ ಗ್ರೈಮ್ಸ್ ಅದೇ ವರ್ಷ ಫ್ರೀಬಿಎಸ್‌ಡಿ ಕಟ್ಟಿದರು. ಜೋಲಿಟ್ಜ್ ದಂಪತಿಗೆ ಬೇಕಿದ್ದದ್ದು ಸಂಶೋಧನೆಗೆ, ಹೊಸ ಪ್ರಯೋಗಕ್ಕೆ ನೆಲ. ಬಳಕೆದಾರರಿಗೆ ಬೇಕಿದ್ದದ್ದು ನಾಳೆ ಬೆಳಿಗ್ಗೆ ಕೈಕೊಡದ ವ್ಯವಸ್ಥೆ. ಎರಡೂ ನ್ಯಾಯವಾದ ಬಯಕೆಗಳೇ. ಆದರೆ ಕೋಡನ್ನು ತೆರೆದಿಟ್ಟಷ್ಟು ಧಾರಾಳವಾಗಿ ಅದನ್ನು ನಡೆಸುವ ಹೊಣೆಯನ್ನು ಹಂಚಿಕೊಂಡಿರಲಿಲ್ಲ, ಪೆಟ್ಟು ಬಿದ್ದದ್ದು ಅಲ್ಲಿ.

ನ್ಯಾಯಾಲಯದ ನೆರಳೂ ಕವಿದಿತ್ತು. ಬರ್ಕ್‌ಲಿಯ ಅದೇ ಕೋಡಿನಿಂದ ಬಿಎಸ್‌ಡಿಐ ಎಂಬ ಕಂಪನಿ 995 ಡಾಲರಿಗೆ ತನ್ನ ಯುನಿಕ್ಸ್ ಮಾರುತ್ತಿತ್ತು. ಎಟಿ ಅಂಡ್ ಟಿಯ ಯುನಿಕ್ಸ್ ಅಂಗಸಂಸ್ಥೆ 1992ರಲ್ಲಿ ಅದರ ಮೇಲೆ, ಬಳಿಕ ವಿಶ್ವವಿದ್ಯಾಲಯದ ಮೇಲೂ ದಾವೆ ಹೂಡಿತು. 1994ರ ಆರಂಭದಲ್ಲಿ ರಾಜಿಯಾಯಿತು. ಸುಮಾರು 18,000 ಫೈಲುಗಳಲ್ಲಿ ತೆಗೆಯಬೇಕಾಗಿ ಬಂದದ್ದು ಮೂರನ್ನು ಮಾತ್ರ. ಇನ್ನು ಕೆಲವಕ್ಕೆ ಸಣ್ಣ ತಿದ್ದುಪಡಿ, ಸುಮಾರು 70ಕ್ಕೆ ಕಂಪನಿಯ ಹಕ್ಕುಸ್ವಾಮ್ಯದ ಸಾಲು. ಅಷ್ಟಕ್ಕಾಗಿ ಎರಡು ವರ್ಷ ಬಿಎಸ್‌ಡಿಯನ್ನು ನೆಚ್ಚಿಕೊಳ್ಳಲು ಜನ ಹಿಂದೆಮುಂದೆ ನೋಡಿದರು.

ಆ ಎರಡು ವರ್ಷದಲ್ಲಿ ಲಿನಕ್ಸ್ ಬೆಳೆಯಿತು. ಹೆಲ್ಸಿಂಕಿಯ ವಿದ್ಯಾರ್ಥಿ ಲಿನಸ್ ಟೋರ್ವಾಲ್ಡ್ಸ್ 1991ರ ಆಗಸ್ಟ್‌ನಲ್ಲಿ ತನ್ನ ಕರ್ನೆಲ್ಲಿನ ಸುದ್ದಿ ಕೊಟ್ಟಾಗ 386ಬಿಎಸ್‌ಡಿ ಇನ್ನೂ ಬಂದಿರಲಿಲ್ಲ. ಆಗಲೇ ಅದು ಸಿಗುತ್ತಿದ್ದಿದ್ದರೆ ಬಹುಶಃ ಲಿನಕ್ಸ್ ಹುಟ್ಟುತ್ತಲೇ ಇರಲಿಲ್ಲ ಎಂದು ಮುಂದೆ ಅವರೇ ಹೇಳಿದ್ದುಂಟು. ಎರಡರ ಪರವಾನಗಿಯಲ್ಲಿ ವ್ಯತ್ಯಾಸವಿದೆ. ಲಿನಕ್ಸ್‌ನ ಪರವಾನಗಿಯ ಪ್ರಕಾರ, ಕೋಡನ್ನು ಬದಲಿಸಿ ಹಂಚುವವರು ತಮ್ಮ ಬದಲಾವಣೆಯ ಸೋರ್ಸನ್ನೂ ಕೊಡಬೇಕು. ಬಿಎಸ್‌ಡಿಯದು ಹಾಗಲ್ಲ, ಬರೆದವರ ಹೆಸರು ಉಳಿಸಿಕೊಂಡರೆ ಮುಚ್ಚಿದ ಸರಕಿನಲ್ಲೂ ಬಳಸಬಹುದು. ಆದ್ದರಿಂದಲೇ ಅದು ಕಣ್ಣಿಗೆ ಕಾಣದ ಜಾಗಗಳಲ್ಲಿ ಸೇರಿಕೊಂಡಿದೆ. ಆಪಲ್‌ನ ಮ್ಯಾಕ್ ಮತ್ತು ಐಫೋನಿನ ಒಳಗೆ ಫ್ರೀಬಿಎಸ್‌ಡಿಯ ಭಾಗಗಳಿವೆ. ಸೋನಿಯ ಪ್ಲೇಸ್ಟೇಷನ್ 4ರ ವ್ಯವಸ್ಥೆ ಅದರಿಂದ ಬಂದದ್ದು. ನೆಟ್‌ಫ್ಲಿಕ್ಸ್ ತನ್ನ ಚಿತ್ರಗಳನ್ನು ಕಳಿಸುವುದು ಫ್ರೀಬಿಎಸ್‌ಡಿ ಸರ್ವರುಗಳಿಂದ. ನೆಟ್‌ಬಿಎಸ್‌ಡಿಯಿಂದ ಒಡೆದ ಓಪನ್‌ಬಿಎಸ್‌ಡಿ 1999ರಲ್ಲಿ ಕೊಟ್ಟ ಓಪನ್‌ಎಸ್‌ಎಸ್‌ಎಚ್, ದೂರದ ಕಂಪ್ಯೂಟರಿಗೆ ಸುರಕ್ಷಿತವಾಗಿ ಲಾಗಿನ್ ಆಗಲು ಜಗತ್ತಿನಾದ್ಯಂತ ಬಳಕೆಯಲ್ಲಿದೆ.

386ಬಿಎಸ್‌ಡಿಯ 1.0 ಆವೃತ್ತಿ 1994ರ ಕೊನೆಗೆ ಬಂತು. ಅಷ್ಟರಲ್ಲಿ ಬಳಕೆದಾರರು ಮಕ್ಕಳ ಮನೆಗೆ ಹೋಗಿಯಾಗಿತ್ತು. ವಿಲಿಯಂ ಜೋಲಿಟ್ಜ್ 2022ರಲ್ಲಿ ತೀರಿಕೊಂಡರು. ಹಳೆಯ ಆವೃತ್ತಿಗಳ ಸೋರ್ಸ್ ಕೋಡ್ ಇಂದು ಅಂತರ್ಜಾಲದಲ್ಲಿದೆ, ಯಾರು ಬೇಕಾದರೂ ತೆರೆದು ಓದಬಹುದು.