ಎಬಿಡಿ ಭಾಷೆಯ ಹಾಡು–ಪಾಡು

ಎಬಿ ಡಿವಿಲಿಯರ್ಸ್ ಸಿಕ್ಸರ್ ಬಾರಿಸಿದಾಗ ಚಿನ್ನಸ್ವಾಮಿ ಕ್ರೀಡಾಂಗಣದಲ್ಲಿ ‘ಎಬಿಡಿ, ಎಬಿಡಿ’ ಎಂದು ಕೂಗಿದವರಲ್ಲಿ ನೀವೂ ಇದ್ದಿರಬಹುದು. ನಾನಂತೂ ಟಿ.ವಿ. ಮುಂದೆ ಕೂತೇ ಗಂಟಲು ಕಟ್ಟಿಸಿಕೊಂಡವನು. ಆದರೆ ಅವರು ಹಾಡುಗಾರರೂ ಹೌದು ಎಂಬುದು ಗೊತ್ತೇ? 2010ರಲ್ಲಿ ಗೆಳೆಯ ಆಂಪಿ ಡು ಪ್ರೀಜ್ ಜೊತೆ ಸೇರಿ ಒಂದು ಆಲ್ಬಂ ತಂದಿದ್ದಾರೆ. ಅದರ ಹೆಸರಿಗೆ ‘ನಿನ್ನ ಕನಸು ನನಸಾಗಿಸು’ ಎಂದರ್ಥ. ಭಾಷೆ ಆಫ್ರಿಕಾನ್ಸ್. ಎಬಿಡಿ ಮತ್ತು ಮುಂದೆ ಆರ್‌ಸಿಬಿ ನಾಯಕರಾದ ಫಾಫ್ ಡು ಪ್ಲೆಸಿ ಇಬ್ಬರೂ ಓದಿದ್ದು ಪ್ರಿಟೋರಿಯಾದ ಒಂದೇ ಆಫ್ರಿಕಾನ್ಸ್ ಶಾಲೆಯಲ್ಲಿ.

ಹಾಡುಗಳು ಅದ್ಭುತವಾಗಿವೆ ಎಂದು ಸುಳ್ಳು ಹೇಳಲಾರೆ. ಎಬಿಡಿ ಬ್ಯಾಟ್ ಹಿಡಿದರೇ ಚೆಂದ. ಆದರೆ ಹಾಸ್ಟೆಲ್‌ನಲ್ಲಿ ಲ್ಯಾಬ್ ರೆಕಾರ್ಡ್ ಬರೆಯುತ್ತಾ ಅದನ್ನು ಕೇಳುವಾಗ ಪ್ಲೇಲಿಸ್ಟ್ ತನ್ನಷ್ಟಕ್ಕೆ ತಾನೇ ಮುಂದಕ್ಕೆ ಹೋಗಿ ಬೇರೆ ಬೇರೆ ಆಫ್ರಿಕಾನ್ಸ್ ಗಾಯಕರನ್ನು ತಂದು ನಿಲ್ಲಿಸಿತು. ಒಂದು ಪದವೂ ಅರ್ಥವಾಗದೆ ಕೇಳಿದೆ. ಆಮೇಲೆ ಹುಡುಕಿ ಓದಿದೆ. ಓದಿದಷ್ಟೂ ಇದು ಬರೀ ಹಾಡಿನ ಕಥೆಯಲ್ಲ, ಒಂದು ಭಾಷೆ ಯಾರ ಸ್ವತ್ತು ಎಂಬ ಜಗಳದ ಕಥೆ ಅನ್ನಿಸತೊಡಗಿತು.

ಆಫ್ರಿಕಾನ್ಸ್ ಎಂದರೆ ದಕ್ಷಿಣ ಆಫ್ರಿಕಾದ ಬಿಳಿಯರ ಭಾಷೆ ಎಂದೇ ನಾನು ತಿಳಿದಿದ್ದೆ. ನಮ್ಮಲ್ಲಿ ಬಹಳ ಜನ ಹಾಗೆಯೇ ತಿಳಿದಿರುತ್ತಾರೆ. ಮೂಲ ಡಚ್ ಭಾಷೆ ಎಂಬುದು ನಿಜ. ಆದರೆ ಅದು ರೂಪ ಬದಲಿಸಿಕೊಂಡದ್ದು ಕೇಪ್ ಪ್ರದೇಶದಲ್ಲಿ ಗುಲಾಮರು, ಸ್ಥಳೀಯ ಖೋಯ್ ಜನ ಮತ್ತು ಡಚ್ಚರು ಕಲೆತು ಮಾತನಾಡುವಾಗ. ಇಂಡೊನೇಷ್ಯಾ, ಮಡಗಾಸ್ಕರ್ ಮಾತ್ರವಲ್ಲ, ನಮ್ಮ ಬಂಗಾಳ, ಮಲಬಾರ್, ಕೋರಮಂಡಲ ತೀರಗಳಿಂದಲೂ ಗುಲಾಮರನ್ನು ಹಡಗಿನಲ್ಲಿ ಒಯ್ದಿದ್ದರು. ಬಾಳೆಹಣ್ಣಿಗೆ ಆಫ್ರಿಕಾನ್ಸ್‌ನಲ್ಲಿರುವ ‘ಪಿಸಾಂಗ್’ ಮಲಯ್ ಪದ. ಉಪ್ಪಿನಕಾಯಿಗೆ ಇಂದಿಗೂ ‘ಅಚಾರ್’ ಎನ್ನುತ್ತಾರೆ! ಆ ಭಾಷೆಯ ತೀರಾ ಹಳೆಯ ಬರಹಗಳಲ್ಲಿ ಕೆಲವು ಕೇಪ್ ಮುಸ್ಲಿಮರು ಅರಬ್ಬಿ ಲಿಪಿಯಲ್ಲಿ ಬರೆದಂಥವು. ಅಬೂಬಕರ್ ಎಫೆಂದಿ ಎಂಬ ವಿದ್ವಾಂಸರ ಅಂಥದ್ದೊಂದು ಗ್ರಂಥ 1877ರಲ್ಲಿ ಇಸ್ತಾಂಬುಲ್‌ನಲ್ಲಿ ಅಚ್ಚಾಯಿತು. ಶುದ್ಧ ಡಚ್ ಬಲ್ಲ ದೊಡ್ಡವರು ಇದನ್ನು ‘ಅಡುಗೆಮನೆ ಭಾಷೆ’ ಎಂದು ಹಂಗಿಸುತ್ತಿದ್ದರು.

ಅಡುಗೆಮನೆಯ ಈ ಭಾಷೆಯನ್ನು ಬಿಳಿಯ ರಾಷ್ಟ್ರೀಯವಾದಿಗಳು ಎತ್ತಿಕೊಂಡು ಪಡಸಾಲೆಗೆ ತಂದರು. 1925ರಲ್ಲಿ ಅದು ಅಧಿಕೃತ ಭಾಷೆಯಾಯಿತು. ವರ್ಣಭೇದದ ಸರ್ಕಾರ ಬಂದ ಮೇಲೆ ಆಡಳಿತ, ರೇಡಿಯೊ, ವಿಶ್ವವಿದ್ಯಾಲಯ ಎಲ್ಲದರಲ್ಲೂ ಅದರದೇ ದರ್ಬಾರು. ಕೊನೆಗೆ ಕಪ್ಪು ವರ್ಣೀಯರ ಶಾಲೆಗಳಲ್ಲೂ ಗಣಿತ, ಸಮಾಜ ವಿಜ್ಞಾನವನ್ನು ಆಫ್ರಿಕಾನ್ಸ್‌ನಲ್ಲೇ ಕಲಿಯಬೇಕೆಂಬ ಆದೇಶ ಹೊರಟಿತು. 1976ರ ಜೂನ್ 16ರಂದು ಸೊವೆಟೊದ ವಿದ್ಯಾರ್ಥಿಗಳು ಅದರ ವಿರುದ್ಧ ಬೀದಿಗಿಳಿದರು. ಪೊಲೀಸರು ಗುಂಡು ಹಾರಿಸಿದರು. ಸತ್ತವರಲ್ಲಿ ಹೆಕ್ಟರ್ ಪೀಟರ್ಸನ್ ಎಂಬ ಹುಡುಗನಿಗೆ 12 ವರ್ಷ.

ಹತ್ತನೇ ತರಗತಿವರೆಗೆ ಕನ್ನಡ ಮಾಧ್ಯಮದಲ್ಲಿ ಓದಿ, ಪಿಯುಸಿಯಲ್ಲಿ ಇದ್ದಕ್ಕಿದ್ದಂತೆ ಇಂಗ್ಲಿಷ್ ಫಿಸಿಕ್ಸ್ ಪುಸ್ತಕ ಬಿಡಿಸಿದವನು ನಾನು. ಲೆಕ್ಕ ಗೊತ್ತಿದ್ದೂ ಪ್ರಶ್ನೆಯೇ ಅರ್ಥವಾಗದೆ ಕೂತ ಆ ದಿನಗಳ ಹೊಟ್ಟೆಸಂಕಟ ನನಗೆ ಗೊತ್ತು. ನನ್ನ ಮೇಲೆ ಯಾರೂ ಬಂದೂಕು ಹಿಡಿದಿರಲಿಲ್ಲ ಅಷ್ಟೆ. ಹಾಗಾಗಿ ಸೊವೆಟೊದ ಬಗ್ಗೆ ಓದಿದ ಮೇಲೆ ಆಫ್ರಿಕಾನ್ಸ್ ಹಾಡುಗಳನ್ನು ಪಕ್ಕಕ್ಕಿಡೋಣ ಎಂದೇ ಅಂದುಕೊಂಡೆ. ಇಡದಂತೆ ಮಾಡಿದ್ದು 1989ರ ಒಂದು ಸಂಗೀತಯಾತ್ರೆ.

ಅದರ ಹೆಸರು ‘ಫೂಲ್‌ಫ್ರೇಯ್’. ಹಕ್ಕಿಯಷ್ಟು ಸ್ವತಂತ್ರ ಎಂಬುದು ಪದಶಃ ಅರ್ಥ, ಕಾನೂನಿನ ರಕ್ಷಣೆ ಕಳೆದುಕೊಂಡ ಬಹಿಷ್ಕೃತ ಎಂಬುದು ಬಳಕೆಯ ಅರ್ಥ. ಆಫ್ರಿಕಾನ್ಸ್ ಮನೆಮಾತಿನ ಬಿಳಿಯ ಹುಡುಗರ ಗುಂಪೊಂದು ರಾಕ್ ಸಂಗೀತ ಹೊತ್ತು ಕ್ಯಾಂಪಸ್‌ನಿಂದ ಕ್ಯಾಂಪಸ್‌ಗೆ ಹೊರಟಿತು. ಅವರು ಇಟ್ಟುಕೊಂಡ ಹೆಸರುಗಳೇ ತರಲೆ. ರಾಲ್ಫ್ ರಾಬಿ ಎಂಬ ಪತ್ರಕರ್ತ ‘ಯೊಹಾನೆಸ್ ಕೆರ್ಕೊರೆಲ್’ ಆದರು, ಅಂದರೆ ಚರ್ಚಿನ ಆರ್ಗನ್ ವಾದ್ಯ. ಅವರ ತಂಡದ ಹೆಸರೋ ಸಂಪ್ರದಾಯಸ್ಥ ಚರ್ಚಿನ ಹೆಸರಿಗೇ ‘ಬ್ಲೂಸ್ ಬ್ಯಾಂಡ್’ ಅಂಟಿಸಿದ್ದು. ಇನ್ನೊಬ್ಬರು ‘ಕೋಸ್ ಕೊಂಬೆಯ್ಸ್’, ಅಂದರೆ ಅಡುಗೆಮನೆ ಕೋಸ್. ಹಳೆಯ ಹಂಗಿಕೆಯನ್ನೇ ಬಿರುದು ಮಾಡಿಕೊಂಡರು ನೋಡಿ!

ಆಗ ಬಿಳಿಯ ಯುವಕರಿಗೆ ಎರಡು ವರ್ಷ ಸೇನೆಯ ಸೇವೆ ಕಡ್ಡಾಯ. ಅಧ್ಯಕ್ಷ ಪಿ.ಡಬ್ಲ್ಯು. ಬೋಥಾ ಟಿ.ವಿ.ಯಲ್ಲಿ ಕಾಣಿಸಿಕೊಂಡು ಬೆರಳೆತ್ತಿ ಗದರುತ್ತಿದ್ದ ಕಾಲ. ಈ ಗಾಯಕರು ಬೋಥಾ ಅವರನ್ನು, ಸೇನೆಯನ್ನು, ಅಪ್ಪಂದಿರ ಮೌನವನ್ನು ಅಪ್ಪಂದಿರ ಭಾಷೆಯಲ್ಲೇ ಗೇಲಿ ಮಾಡಿದರು. ಸ್ಟೆಲೆನ್‌ಬಾಷ್ ವಿಶ್ವವಿದ್ಯಾಲಯ ಕಾರ್ಯಕ್ರಮವನ್ನು ನಿಷೇಧಿಸಿತು, ವಿದ್ಯಾರ್ಥಿಗಳು ಪ್ರತಿಭಟಿಸಿದರು. ಸರ್ಕಾರಿ ರೇಡಿಯೊ ಇಷ್ಟವಾಗದ ಹಾಡುಗಳನ್ನು ಹೇಗೆ ನಿಭಾಯಿಸುತ್ತಿತ್ತು ಗೊತ್ತೇ? ರೆಕಾರ್ಡ್‌ನಲ್ಲಿ ಆ ಹಾಡಿರುವ ಜಾಗವನ್ನು ಚೂಪಾದ ಮೊಳೆಯಂಥದ್ದರಿಂದ ಗೀಚಿಬಿಡುವುದು. ಆಸ್ಕರ್ ಗೆದ್ದ ‘ಸರ್ಚಿಂಗ್ ಫಾರ್ ಶುಗರ್ ಮ್ಯಾನ್’ ಸಾಕ್ಷ್ಯಚಿತ್ರದಲ್ಲಿ ಅಂಥ ಗೀಚಿದ ರೆಕಾರ್ಡನ್ನೇ ತೋರಿಸುತ್ತಾರೆ. ಎಂಜಿನಿಯರಿಂಗ್ ಓದುವವನಿಗೆ ಇದೊಂದು ವಿಚಿತ್ರ ಸೆನ್ಸಾರ್ ತಂತ್ರಜ್ಞಾನವಾಗಿ ಕಂಡಿತು.

1994ರಲ್ಲಿ ಪ್ರಜಾಪ್ರಭುತ್ವ ಬಂತು. ಅಧಿಕೃತ ಭಾಷೆಗಳು 11 ಆದವು. ಆಫ್ರಿಕಾನ್ಸ್ ಆಗ ಹನ್ನೊಂದರಲ್ಲಿ ಒಂದಾಯಿತು. ಸರ್ಕಾರದ ಹಣದಲ್ಲಿ ನಡೆಯುತ್ತಿದ್ದ ನಾಟಕ ಸಂಸ್ಥೆಗಳಿಗೆ ಅನುದಾನ ಕಡಿತವಾಯಿತು, ಕಾಯಂ ಸಂಬಳದ ನಟರು, ತಂತ್ರಜ್ಞರು ಕೆಲಸ ಕಳೆದುಕೊಂಡರು. ಇಷ್ಟು ಕಾಲ ಎಲ್ಲವನ್ನೂ ಸರ್ಕಾರವೇ ಮಾಡಿಕೊಟ್ಟಿದ್ದ ಭಾಷೆ ಮೊದಲ ಬಾರಿಗೆ ಟಿಕೆಟ್ ಮಾರಿ ಬದುಕಬೇಕಾಯಿತು. ಆಗ ಹುಟ್ಟಿದ್ದೇ ಉತ್ಸವಗಳು. ಉಷ್ಟ್ರಪಕ್ಷಿ ಸಾಕಣೆಗೆ ಹೆಸರಾದ ಔಡ್ಸ್‌ಹಾರ್ನ್ ಎಂಬ ಒಣ ಸೀಮೆಯ ಊರಿನಲ್ಲಿ 1995ರಲ್ಲಿ ‘ಕ್ಲೈನ್ ಕರೂ ರಾಷ್ಟ್ರೀಯ ಕಲಾ ಉತ್ಸವ’ ಆರಂಭವಾಯಿತು. ಶಾಲೆಯ ಸಭಾಂಗಣ, ಚರ್ಚ್ ಹಾಲ್ ಎಲ್ಲವೂ ರಂಗಮಂದಿರಗಳಾದವು. ಬೆಳಿಗ್ಗೆ ನಾಟಕ, ಮಧ್ಯಾಹ್ನ ಚಿತ್ರಕಲೆ, ರಾತ್ರಿ ಬಯಲಲ್ಲಿ ಸಂಗೀತ, ಸುತ್ತ ತಿಂಡಿ ಅಂಗಡಿಗಳ ಸಾಲು. ನಮ್ಮ ಜಾತ್ರೆ ಮತ್ತು ನೀನಾಸಂ ತಿರುಗಾಟವನ್ನು ಒಂದೇ ಊರಲ್ಲಿ ಸೇರಿಸಿದಂತೆ ಎಂದುಕೊಳ್ಳಿ. 1998ರಲ್ಲಿ ಪಾಚೆಫ್‌ಸ್ಟ್ರೂಮ್‌ನ ‘ಆರ್ಡ್‌ಕ್ಲಾಪ್’, ಆಮೇಲೆ ‘ಇನಿಬೋಸ್’, ಸ್ಟೆಲೆನ್‌ಬಾಷ್‌ನ ‘ವೂರ್ಟ್‌ಫಿಯೆಸ್’ ಹೀಗೆ ಸಾಲು ಬೆಳೆಯಿತು. ರಂಗಭೂಮಿಯನ್ನೇ ನಂಬಿದವರಿಗೆ ಈ ಉತ್ಸವಗಳೇ ಅನ್ನದ ದಾರಿಯಾದವು.

ಆದರೆ ಜಾತ್ರೆ ಯಾರದ್ದು? 1997ರಲ್ಲಿ ಔಡ್ಸ್‌ಹಾರ್ನ್‌ನ ಅದೇ ಉತ್ಸವಕ್ಕೆ ಮಿರಿಯಂ ಮಕೇಬಾ ಬಂದಿದ್ದರು. ವರ್ಣಭೇದದ ಸರ್ಕಾರ ದಶಕಗಳ ಕಾಲ ತಾಯ್ನಾಡಿಗೆ ಬರಗೊಡದಿದ್ದ, ಜಗತ್ತೇ ಗೌರವಿಸಿದ ಗಾಯಕಿ. ಅವರು ಹಾಡುವಾಗ ಪ್ರೇಕ್ಷಕರಲ್ಲಿ ಕೆಲವರು ವೇದಿಕೆಯತ್ತ ಬಿಯರ್ ಕ್ಯಾನ್ ಎಸೆದರು. ಇದನ್ನು ಓದಿದಾಗ ನನಗೆ ಸಿಟ್ಟಿಗಿಂತ ನಾಚಿಕೆ ಹೆಚ್ಚಾಯಿತು, ಯಾಕೋ ಗೊತ್ತಿಲ್ಲ. ನಮ್ಮ ಭಾಷೆ ಉಳಿಯಲಿ ಎಂದು ಸೇರಿದ ಜನ, ಉಳಿಸಿಕೊಂಡ ಭಾಷೆಯಲ್ಲಿ ಅತಿಥಿಗೆ ಹೇಳಿದ್ದೇನು? 2006ರಲ್ಲಿ ಬೋಕ್ ಫಾನ್ ಬ್ಲೆರ್ಕ್ ಹಳೆಯ ಯುದ್ಧದ ಸೇನಾನಿಯನ್ನು ಕರೆಯುವ ‘ಡೆ ಲಾ ರೇ’ ಹಾಡಿದಾಗಲೂ ಇದೇ ಚರ್ಚೆ. ಎದೆಯ ಮೇಲೆ ಕೈಯಿಟ್ಟು ಹಾಡುವ ಹುಡುಗರಲ್ಲಿರುವುದು ಅಭಿಮಾನವೋ, ಕಳೆದುಹೋದ ಯಜಮಾನಿಕೆಯ ಹಂಬಲವೋ? ಕೊನೆಗೆ ಸರ್ಕಾರದ ಸಂಸ್ಕೃತಿ ಇಲಾಖೆಯೇ ಹೇಳಿಕೆ ಕೊಡಬೇಕಾಯಿತು. ಅದಕ್ಕೆ ಮೊದಲೇ, 2003ರಲ್ಲಿ, ಕೇಪ್‌ಟೌನ್ ಪಕ್ಕದ ಬೆಲ್‌ವಿಲ್‌ನ ಹುಡುಗರು ಪೊಲೀಸ್ ಕಾರನ್ನು ಬೈಯುವ ಹೆಸರಿನ ಪಂಕ್ ಬ್ಯಾಂಡ್ ಕಟ್ಟಿದ್ದರು. ಆ ಹೆಸರಿನ ಅನುವಾದ ಈ ಪುಟದಲ್ಲಿ ಅಚ್ಚಾಗುವಂಥದ್ದಲ್ಲ! ನನಗೆ ಹೆಚ್ಚು ಹಿಡಿಸಿದ್ದು ಅವರೇ.

ಇಷ್ಟೆಲ್ಲ ಗಲಾಟೆಯ ಹೊರಗೆ ಇನ್ನೊಂದು ಉತ್ಸವವಿದೆ, ಎಲ್ಲಕ್ಕಿಂತ ಹಳೆಯದು. ಜನವರಿ 2. ಯಜಮಾನರು ಹೊಸ ವರ್ಷ ಆಚರಿಸಿ ಸುಸ್ತಾದ ಮರುದಿನ ಗುಲಾಮರಿಗೆ ಸಿಗುತ್ತಿದ್ದ ರಜೆ. ಆ ದಿನದ ನೆನಪಿನಲ್ಲಿ ಕೇಪ್‌ಟೌನ್‌ನ ಮಿಶ್ರವರ್ಣೀಯ ಸಮುದಾಯದವರು ಮಿರುಗುವ ಸ್ಯಾಟಿನ್ ಉಡುಪು ತೊಟ್ಟು, ಮುಖಕ್ಕೆ ಬಣ್ಣ ಬಳಿದು, ಛತ್ರಿ ತಿರುಗಿಸುತ್ತಾ ಮೆರವಣಿಗೆ ಹೊರಡುತ್ತಾರೆ. ಬ್ಯಾಂಜೊ ಜೊತೆಗೆ ‘ಗೂಮಾ’ ಎಂಬ ಡೋಲು. ಮೊದಲು ಅದನ್ನು ಮಾಡುತ್ತಿದ್ದುದು ವೈನ್ ಪೀಪಾಯಿಗೆ ಚರ್ಮ ಬಿಗಿದು. ಈ ಜನರ ಡಿಸ್ಟ್ರಿಕ್ಟ್ ಸಿಕ್ಸ್ ಬಡಾವಣೆಯನ್ನು ಸರ್ಕಾರ 1966ರಲ್ಲಿ ಬಿಳಿಯರಿಗೆಂದು ಘೋಷಿಸಿ, 60 ಸಾವಿರಕ್ಕೂ ಹೆಚ್ಚು ಮಂದಿಯನ್ನು ಊರಾಚೆಯ ಮರಳುಬಯಲಿಗೆ ಅಟ್ಟಿತು. ಅವರೂ ಮನೆಯಲ್ಲಿ ಆಡುವುದು ಆಫ್ರಿಕಾನ್ಸನ್ನೇ. 2011ರ ಜನಗಣತಿಯಲ್ಲಿ ಆಫ್ರಿಕಾನ್ಸ್ ಮನೆಮಾತಿನವರು ಸುಮಾರು 68 ಲಕ್ಷ. ಅವರಲ್ಲಿ ಬಿಳಿಯರಿಗಿಂತ ಮಿಶ್ರವರ್ಣೀಯರೇ ಹೆಚ್ಚು!

ಅವರಾಡುವ ಬಗೆಗೆ ‘ಕಾಪ್ಸ್’ ಎನ್ನುತ್ತಾರೆ. ಶಾಲೆಯಲ್ಲಿ ತಪ್ಪು ಭಾಷೆ, ಟಿ.ವಿ.ಯಲ್ಲಿ ಹಾಸ್ಯದ ಭಾಷೆ. ನಮ್ಮ ಸಿನಿಮಾಗಳಲ್ಲಿ ಉತ್ತರ ಕರ್ನಾಟಕದ ಮಾತಿಗೆ ಸಿಗುತ್ತಿದ್ದ ಮರ್ಯಾದೆ ನೆನಪಿಸಿಕೊಂಡರೆ ಸಾಕು. ಆ್ಯಡಂ ಸ್ಮಾಲ್ 1965ರಲ್ಲೇ ಈ ಆಡುಮಾತಿನಲ್ಲಿ ದೊಡ್ಡ ನಾಟಕ ಬರೆದರು. ಆಫ್ರಿಕಾನ್ಸ್ ಸಾಹಿತ್ಯದ ಪ್ರತಿಷ್ಠಿತ ಹೆರ್ಟ್ಸೊಗ್ ಪ್ರಶಸ್ತಿ ಅವರಿಗೆ ಸಿಕ್ಕಿದ್ದು 2012ರಲ್ಲಿ. ತೊಂಬತ್ತರ ದಶಕದಲ್ಲಿ ರ‍್ಯಾಪ್ ಹುಡುಗರು ಇದೇ ಮಾತನ್ನು ಮೈಕ್‌ಗೆ ತಂದರು. 2010ರಲ್ಲಿ ರ‍್ಯಾಪರ್‌ಗಳು, ಜಾಜ್ ವಾದಕರು ಸೇರಿ ‘ಆಫ್ರಿಕಾಪ್ಸ್’ ಎಂಬ ರಂಗಪ್ರಯೋಗ ಮಾಡಿದರು. ಅಡುಗೆಮನೆಯಿಂದ, ಅರಬ್ಬಿ ಲಿಪಿಯಿಂದ ಬಂದ ಆ ಭಾಷೆಯ ಕಥೆಯನ್ನು ಅವರು ವೇದಿಕೆಯ ಮೇಲೆ ಹಾಡಿ ಹೇಳಿದರು. ಅದೇ ಹೆಸರಿನ ಸಾಕ್ಷ್ಯಚಿತ್ರವೂ ಇದೆ. ಆಫ್ರಿಕಾನ್ಸ್ ಕೇಳಬೇಕೆನ್ನುವವರು ಎಬಿಡಿ ಆಲ್ಬಂ ಬಿಟ್ಟು ಇದರಿಂದಲೇ ಶುರು ಮಾಡಿ.

ಜಗಳವೇನೂ ಮುಗಿದಿಲ್ಲ. ಫೂಲ್‌ಫ್ರೇಯ್ ತಂಡವನ್ನು ಹೊರಗಿಟ್ಟಿದ್ದ ಅದೇ ಸ್ಟೆಲೆನ್‌ಬಾಷ್‌ನ ಕಪ್ಪು ವರ್ಣೀಯ ವಿದ್ಯಾರ್ಥಿಗಳು, ಆಫ್ರಿಕಾನ್ಸ್ ತರಗತಿಗಳು ನಮ್ಮನ್ನು ಹೊರಗಿಡುತ್ತಿವೆ ಎಂದು 2015ರಲ್ಲಿ ‘ಕೇಳಿಸಿಕೊಳ್ಳಿ’ ಎಂಬರ್ಥದ ಸಾಕ್ಷ್ಯಚಿತ್ರದಲ್ಲಿ ಮಾತನಾಡಿದರು. ಇನ್ನೊಂದೆಡೆ, 2021ರಲ್ಲಿ ವೆಸ್ಟರ್ನ್ ಕೇಪ್ ವಿಶ್ವವಿದ್ಯಾಲಯದ ಭಾಷಾತಜ್ಞರು ಹಿಪ್‌ಹಾಪ್ ಕಲಾವಿದರ ಜೊತೆ ಸೇರಿ ಕಾಪ್ಸ್ ಆಡುಮಾತಿಗೆ ತ್ರಿಭಾಷಾ ನಿಘಂಟು ಮಾಡುವ ಕೆಲಸ ಆರಂಭಿಸಿದರು. ನಿಘಂಟು ಎಂದರೆ ಕನ್ನಡಕ ಹಾಕಿದ ಹಿರಿಯರ ಕೆಲಸ ಎಂದೇ ನಾನು ಅಂದುಕೊಂಡಿದ್ದೆ. ಅಲ್ಲಿ ರ‍್ಯಾಪ್ ಹಾಡುವವರೂ ಕೂತು ಪದ ಆರಿಸುತ್ತಿದ್ದಾರೆ.