ಫ್ರೆಂಚರ ‘ನೀನು’, ಫ್ರೆಂಚರ ‘ನೀವು’

ಫ್ರೆಂಚ್ ಭಾಷೆಯನ್ನು ಕಲಿಯಲು ಕುಳಿತ ಕನ್ನಡಿಗನಿಗೆ ಮೊದಲ ಪಾಠದಲ್ಲಿಯೇ ಒಂದು ಸಮಾಧಾನವುಂಟು. ಇಂಗ್ಲಿಷಿನಲ್ಲಿ ಮಂತ್ರಿಗೂ ಮಗುವಿಗೂ ಒಂದೇ ‘ಯೂ’. ಫ್ರೆಂಚಿನಲ್ಲಾದರೋ ನಮ್ಮಲ್ಲಿರುವಂತೆಯೇ ಎರಡು ಪದಗಳು. ‘ತ್ಯು’ ಎಂದರೆ ನೀನು, ‘ವೂ’ ಎಂದರೆ ನೀವು. ನಮ್ಮ ‘ನೀವು’ ಹೇಗೋ ಹಾಗೆಯೇ ‘ವೂ’ ಹಲವರಿಗೂ ಸಲ್ಲುತ್ತದೆ, ಮರ್ಯಾದೆಗೆ ಪಾತ್ರನಾದ ಒಬ್ಬನಿಗೂ ಸಲ್ಲುತ್ತದೆ. ಇನ್ನು ಕಷ್ಟವೇನು ಎಂದು ಅವನು ಪುಸ್ತಕವನ್ನು ಮಡಿಸಿಡುತ್ತಾನೆ. ಕಷ್ಟ ಪ್ರಾರಂಭವಾಗುವುದೇ ಅಲ್ಲಿಂದ.

ನಮ್ಮ ಎಷ್ಟೋ ಮನೆಗಳಲ್ಲಿ ಮಕ್ಕಳು ತಾಯಿಗೆ ‘ನೀನು’ ಎಂದೂ ತಂದೆಗೆ ‘ನೀವು’ ಎಂದೂ ಹೇಳುವುದು ವಾಡಿಕೆ. ಇಂದಿನ ಫ್ರೆಂಚ್ ಮನೆಗಳಲ್ಲಿ ಸಾಮಾನ್ಯವಾಗಿ ತಾಯಿ, ತಂದೆ, ಅಜ್ಜ, ಅಜ್ಜಿ ಎಲ್ಲರಿಗೂ ‘ತ್ಯು’. ಅದರಲ್ಲಿ ಅಗೌರವದ ಸೋಂಕೂ ಇಲ್ಲ. ಆದರೆ ರೊಟ್ಟಿಯಂಗಡಿಯ ಹುಡುಗಿ ವಯಸ್ಸಿನಲ್ಲಿ ಎಷ್ಟೇ ಕಿರಿಯಳಾಗಿರಲಿ, ಪರಿಚಯವಿಲ್ಲದ ಗಿರಾಕಿ ಅವಳಿಗೆ ‘ವೂ’ ಎಂದೇ ಹೇಳಬೇಕು. ಅಲ್ಲಿ ಅಳೆಯುವುದು ವಯಸ್ಸನ್ನಷ್ಟೇ ಅಲ್ಲ, ಒಬ್ಬರಿಗೂ ಇನ್ನೊಬ್ಬರಿಗೂ ನಡುವೆ ಇರುವ ಅಂತರವನ್ನು.

ಹಾಗೆಂದು ‘ವೂ’ ಎಂದೊಡನೆ ಪ್ರೀತಿಯಿಲ್ಲವೆಂದು ತಿಳಿಯಬಾರದು. ತತ್ತ್ವಜ್ಞಾನಿ ಸಾರ್ತ್ರ ಹಾಗೂ ಲೇಖಕಿ ಸಿಮೋನ್ ದ ಬೊವ್ವಾರ್ ಬಾಳಿನುದ್ದಕ್ಕೂ ಸಂಗಾತಿಗಳು. ಆದರೂ ಕಡೆಯವರೆಗೆ ಒಬ್ಬರನ್ನೊಬ್ಬರು ‘ವೂ’ ಎಂದೇ ಸಂಬೋಧಿಸಿದರು.

‘ವೂ’ದಿಂದ ‘ತ್ಯು’ವಿಗೆ ಬರುವುದಕ್ಕೂ ಒಂದು ಶಿಷ್ಟಾಚಾರವುಂಟು. ಇಬ್ಬರಲ್ಲಿ ಹಿರಿಯರು, ಅಥವಾ ಪದವಿಯಲ್ಲಿ ಮೇಲಿನವರು, “ಇನ್ನು ನಾವು ‘ತ್ಯು’ ಎನ್ನೋಣವೇ?” ಎಂದು ಕೇಳಬೇಕು. ಹೀಗೆ ‘ತ್ಯು’ ಎನ್ನುವುದಕ್ಕೆ ‘ತ್ಯುತ್ವಾಯೇ’ ಎಂಬ ಪ್ರತ್ಯೇಕ ಕ್ರಿಯಾಪದವೇ ಆ ಭಾಷೆಯಲ್ಲಿದೆ. ಒಮ್ಮೆ ‘ತ್ಯು’ ಎಂದ ಸ್ನೇಹಿತನಿಗೆ ಮತ್ತೆ ‘ವೂ’ ಎಂದರೆ, ಬಾಗಿಲು ಮುಚ್ಚಿದಂತೆಯೇ ಸರಿ.

ಈ ಎರಡು ಪುಟ್ಟ ಪದಗಳಿಗಾಗಿ ಇತಿಹಾಸದಲ್ಲಿ ದೊಡ್ಡ ಮಾತುಗಳೇ ನಡೆದಿವೆ. ಮಹಾಕ್ರಾಂತಿಯ ಕಾಲದಲ್ಲಿ, 1793ರಲ್ಲಿ, ಒಬ್ಬನಿಗೆ ‘ವೂ’ ಎನ್ನುವುದು ಪಾಳೆಯಗಾರಿಕೆಯ ಅವಶೇಷವೆಂದು ಕ್ರಾಂತಿಕಾರರು ಸಾರಿದರು. ಪ್ರಜೆಗಳೆಲ್ಲರೂ ಸಮಾನರಾದ ಮೇಲೆ ಎಲ್ಲರಿಗೂ ‘ತ್ಯು’ ಸಾಲದೇ ಎಂಬುದು ಅವರ ವಾದ. ಆ ಹುರುಪು ಬಹುಕಾಲ ನಿಲ್ಲಲಿಲ್ಲ. ಕೆಲವೇ ವರ್ಷಗಳಲ್ಲಿ ‘ವೂ’ ತನ್ನ ಸ್ಥಾನಕ್ಕೆ ಮರಳಿತು.

ಆದರೆ ಅದೇ ‘ತ್ಯು’ ಆಫ್ರಿಕಾದಲ್ಲಿ ದಾಸ್ಯದ ಗುರುತಾಯಿತು. 1960ರ ಜೂನ್ 30ರಂದು ಬೆಲ್ಜಿಯಮ್ಮಿನ ಆಳ್ವಿಕೆಯಿಂದ ಕಾಂಗೋ ಬಿಡುಗಡೆ ಹೊಂದಿತು. ಆ ದಿನ ಬೆಲ್ಜಿಯಮ್ಮಿನ ದೊರೆಯ ಸಮ್ಮುಖದಲ್ಲಿಯೇ ಪ್ರಧಾನಿ ಪ್ಯಾಟ್ರಿಸ್ ಲುಮುಂಬಾ ಅವರು ತಮ್ಮ ಜನ ಉಂಡ ಅಪಮಾನಗಳನ್ನು ಎಣಿಸಿದರು. ಕರಿಯನನ್ನು ‘ತ್ಯು’ ಎಂದು ಕರೆದದ್ದು ಸ್ನೇಹದಿಂದಲ್ಲ, ಗೌರವದ ‘ವೂ’ ಬಿಳಿಯರಿಗೆ ಮಾತ್ರ ಮೀಸಲಾಗಿದ್ದುದರಿಂದ ಎಂಬುದೂ ಆ ಪಟ್ಟಿಯಲ್ಲಿತ್ತು. ಏಟು, ಸೆರೆಮನೆಗಳ ಜೊತೆಯಲ್ಲಿ ಒಂದು ಸರ್ವನಾಮ!

ಫ್ರಾನ್ಸಿನಲ್ಲಿಯೂ ಈ ನೋವು ಅಪರಿಚಿತವಲ್ಲ. 2014ರ ಜನವರಿ 1ರಿಂದ ಜಾರಿಗೆ ಬಂದ ಅಲ್ಲಿನ ಪೋಲೀಸರ ನೀತಿಸಂಹಿತೆ, ಜನರೊಡನೆ ‘ವೂ’ ಎಂದೇ ವ್ಯವಹರಿಸಬೇಕೆಂದು ವಿಧಿಸಿದೆ. ಬೀದಿಯಲ್ಲಿ ತಡೆದು ನಿಲ್ಲಿಸಲ್ಪಟ್ಟ ತರುಣನಿಗೆ ಆ ಒಂದು ಪದ, ತಾನು ಪ್ರಜೆಯೋ ಅಪರಾಧಿಯೋ ಎಂಬುದನ್ನು ತಿಳಿಸಿಬಿಡುತ್ತದೆ.

ಹಾಗಾದರೆ ಕಲಿಯುವವನು ಏನು ಮಾಡಬೇಕು? ಮಕ್ಕಳ ಮಾತು ಬೇರೆ. ಬೆಳೆದವರೊಡನೆ ‘ವೂ’ದಿಂದಲೇ ಪ್ರಾರಂಭಿಸುವುದು ಕ್ಷೇಮ. ಸಂದೇಹ ಬಂದಾಗ ತನ್ನನ್ನೇ ಹೀಗೆ ಕೇಳಿಕೊಳ್ಳಬಹುದು: ನಾನು ‘ತ್ಯು’ ಎಂದವನು ನನ್ನನ್ನೂ ಅಷ್ಟೇ ಸಲೀಸಾಗಿ ‘ತ್ಯು’ ಎನ್ನಬಲ್ಲನೇ? ಎನ್ನಬಲ್ಲನಾದರೆ ಅದು ಸ್ನೇಹ. ಎನ್ನಲಾರನಾದರೆ ಅದು ಅಧಿಕಾರ.

ಈ ಪ್ರಶ್ನೆಯನ್ನು ಕೇಳಿಕೊಳ್ಳುವುದಕ್ಕೆ ಫ್ರೆಂಚನ್ನೇ ಕಲಿಯಬೇಕೆಂದಿಲ್ಲ. ನಮ್ಮ ಮನೆಯ ಪಾತ್ರೆ ತೊಳೆಯುವ ಹಿರಿಯ ಹೆಂಗಸು ನಮಗೆ ‘ನೀವು’ ಎನ್ನುವಾಗ, ನಾವು ಅವಳಿಗೆ ಏನೆನ್ನುತ್ತೇವೆ?